ಮೈಬಣ್ಣ ಬಿಡಿ, ಹಾಡಿನ ಬಗ್ಗೆ ಮಾತಾಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಕಿನ್ನರಿ ಕಥೆಗಳನ್ನು ಸಿನಿಮಾ ಮಾಡುವವರು ಪಾತ್ರಗಳ ಮೈಬಣ್ಣ ಬದಲಿಸಿ ಮೂಲ ಕಥೆಯನ್ನೇ ಹಾಳು ಮಾಡುತ್ತಿದ್ದಾರೆ ಎಂದು ಕಳೆದ ವಾರ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. 2023ರ 'ದಿ ಲಿಟಲ್ ಮರ್ಮೇಡ್' ಚಿತ್ರದಲ್ಲಿ ಹ್ಯಾಲಿ ಬೇಲಿ ಎಂಬ ಕಪ್ಪು ಹುಡುಗಿ ಮತ್ಸ್ಯಕನ್ಯೆಯಾಗಿದ್ದು ಅವರಿಗೆ ಹಿಡಿಸಿಲ್ಲ. ಹಿಡಿಸದಿದ್ದರೆ ಬಿಡಿ, ಅವರವರ ರುಚಿ. ಆದರೆ ಅಷ್ಟುದ್ದದ ಪತ್ರದಲ್ಲಿ ಹಾಡುಗಳ ಬಗ್ಗೆ ಒಂದೇ ಒಂದು ಮಾತಿಲ್ಲ. ಹಾಡಿನ ಮೇಲೆಯೇ ನಿಂತ ಸಿನಿಮಾ ಅದು, ಅಲ್ವಾ? ಮಕ್ಕಳಿಗೆ ಸಂಗೀತ ಹೇಳಿಕೊಡುವ ನನಗೆ ಇದೇ ಜಾಸ್ತಿ ಬೇಜಾರಾಯಿತು.

ಇದು ಈಗ ಶುರುವಾದ ಹೊಸ ಚಾಳಿ ಎಂಬ ಮಾತೂ ಸರಿಯಲ್ಲ. 1997ರ ನವೆಂಬರ್ 2ರಂದು ಅಮೆರಿಕದ ಎಬಿಸಿ ಟಿವಿಯಲ್ಲಿ 'ಸಿಂಡ್ರೆಲಾ' ಚಿತ್ರ ಬಂತು. ಸಿಂಡ್ರೆಲಾ ಆಗಿದ್ದವಳು ಕಪ್ಪು ಗಾಯಕಿ ಬ್ರ್ಯಾಂಡಿ, ಆಗ ಅವಳಿಗೆ 18 ವರ್ಷ. ರಾಣಿ ವೂಪಿ ಗೋಲ್ಡ್‌ಬರ್ಗ್, ಕಪ್ಪು. ರಾಜ ವಿಕ್ಟರ್ ಗಾರ್ಬರ್, ಬಿಳಿ. ಇವರಿಬ್ಬರ ಮಗನಾದ ರಾಜಕುಮಾರ ಪೌಲೋ ಮೊಂಟಾಲ್ಬಾನ್, ಫಿಲಿಪೀನ್ಸ್ ಮೂಲದವನು. ಇದು ಹೇಗೆ ಎಂದು ಸಿನಿಮಾದಲ್ಲಿ ಯಾರೂ ಕೇಳುವುದಿಲ್ಲ, ಯಾರೂ ವಿವರಿಸುವುದೂ ಇಲ್ಲ. ಆ ಒಂದು ರಾತ್ರಿ ಸುಮಾರು 6 ಕೋಟಿ ಜನ ಅದನ್ನು ನೋಡಿದರು. ಅದಕ್ಕೆ ನೃತ್ಯ ಸಂಯೋಜನೆ ಮಾಡಿದ್ದ ರಾಬ್ ಮಾರ್ಷಲ್ ಅವರೇ ಮುಂದೆ 2023ರ ಮತ್ಸ್ಯಕನ್ಯೆಯ ನಿರ್ದೇಶಕರು. ಅಂದಮೇಲೆ ಅವರಿಗೆ ಇದೇನು ಹೊಸ ದಾರಿಯಲ್ಲ.

ಈಗ ಹಾಡಿಗೆ ಬರುತ್ತೇನೆ. ಆ ಸಿಂಡ್ರೆಲಾದ ಹಾಡುಗಳನ್ನು ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಜೋಡಿ ಟಿವಿಗಾಗಿಯೇ ಕಟ್ಟಿತ್ತು. 1957ರ ಮಾರ್ಚ್ 31ರಂದು ಅದು ಮೊದಲ ಸಲ ನೇರ ಪ್ರಸಾರವಾದಾಗ ಸಿಂಡ್ರೆಲಾ ಆಗಿ ಹಾಡಿದ್ದು ಜೂಲಿ ಆಂಡ್ರ್ಯೂಸ್. 10 ಕೋಟಿಗೂ ಹೆಚ್ಚು ಜನ ನೋಡಿದ್ದರು. 1997ರಲ್ಲಿ ಅದೇ ಹಾಡುಗಳನ್ನು ಮತ್ತೆ ತೆಗೆದುಕೊಂಡಾಗ, ರಾಜರ್ಸ್ ಅವರ ಬೇರೆ ಕಡೆಯ ಹಾಡುಗಳನ್ನೂ ಒಳಗೆ ಸೇರಿಸಿದರು. ಮಲತಾಯಿಗೆ 1957ರಲ್ಲಿ ಸ್ವಂತದ್ದೆನ್ನುವ ದೊಡ್ಡ ಹಾಡೇ ಇರಲಿಲ್ಲ. ಈ ಸಲ ಆ ಪಾತ್ರಕ್ಕೆ ಬಂದವರು ಬರ್ನಡೆಟ್ ಪೀಟರ್ಸ್. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಬೆಳೆದ ಕಂಠ ಅದು. ಅವರನ್ನು ಸುಮ್ನೆ ಬೈಯಲು ಇಟ್ಟುಕೊಳ್ಳುವುದು ಅನ್ಯಾಯ ಅಲ್ವಾ? ಅದಕ್ಕೇ 1938ರ ಒಂದು ನಾಟಕದಿಂದ, ಪ್ರೀತಿಯನ್ನು ನಂಬಿ ಕೆಡಬೇಡಿ ಎನ್ನುವ ಧಾಟಿಯ ಹಾಡು ತಂದು ಅವರಿಗೆ ಕೊಟ್ಟರು. ಅದರ ಸಾಹಿತ್ಯ ಹ್ಯಾಮರ್‌ಸ್ಟೈನ್ ಅವರದ್ದೂ ಅಲ್ಲ, ರಾಜರ್ಸ್ ಅವರ ಹಿಂದಿನ ಜೊತೆಗಾರ ಲೊರೆಂಜ್ ಹಾರ್ಟ್ ಬರೆದದ್ದು. ಆದರೂ ಎರವಲು ಅನ್ನಿಸುವುದಿಲ್ಲ. ಮಲತಾಯಿ ಯಾಕೆ ಹಾಗಾದಳು ಎಂಬುದು ಮೂರು ನಿಮಿಷದಲ್ಲಿ ತಿಳಿದುಬಿಡುತ್ತದೆ.

ಇನ್ನೊಂದು ಹಾಡು ಸಂತೆಯಲ್ಲಿ ಬರುತ್ತದೆ. ರಾಜಕುಮಾರ ಮಾಮೂಲಿ ಬಟ್ಟೆ ಹಾಕಿಕೊಂಡು ತಿರುಗುತ್ತಿರುತ್ತಾನೆ, ಸಿಂಡ್ರೆಲಾ ಮಲತಾಯಿಯ ಹಿಂದೆ ಸಾಮಾನು ಹೊತ್ತು ನಡೆಯುತ್ತಿರುತ್ತಾಳೆ. ಒಬ್ಬರನ್ನೊಬ್ಬರು ನೋಡುವ ಮೊದಲೇ ಇಬ್ಬರೂ ಒಂದೇ ಹಾಡು ಹಾಡುತ್ತಾರೆ. 1962ರ ಬೇರೊಂದು ನಾಟಕದ ಹಾಡಿದು. ಹ್ಯಾಮರ್‌ಸ್ಟೈನ್ 1960ರಲ್ಲಿ ತೀರಿಕೊಂಡಿದ್ದರಿಂದ ರಾಜರ್ಸ್ ಅವರೇ ಸಾಹಿತ್ಯವನ್ನೂ ಬರೆದಿದ್ದರು. ಅರಮನೆಯ ನೃತ್ಯಕ್ಕೆ ಮೊದಲೇ ಇವರಿಬ್ಬರ ಪರಿಚಯವಾಗುವುದರಿಂದ ಚಪ್ಪಲಿ ಹಿಡಿದು ಹುಡುಗಿ ಹುಡುಕುವ ಕೊನೆಯ ಭಾಗಕ್ಕೂ ಒಂದು ಅರ್ಥ ಬರುತ್ತದೆ. ಇಲ್ಲದಿದ್ದರೆ ಒಂದೇ ರಾತ್ರಿ ಕಂಡವಳ ಮುಖ ಮರೆತು ಪಾದ ಅಳೆಯುವವನನ್ನು ನಂಬುವುದು ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟ, ಕಿನ್ನರಿಯ ಮಾಯೆಯಿಂದ ಕುಂಬಳಕಾಯಿ ಸಾರೋಟಾಗುವಾಗಿನ ಹಾಡು. ಕಿನ್ನರಿಯಾಗಿ ಗಾಯಕಿ ವಿಟ್ನಿ ಹ್ಯೂಸ್ಟನ್. ಇದೆಲ್ಲ ಆಗದ ಮಾತು ಎಂದು ಶುರುವಾಗುವ ಹಾಡು ಸಾರೋಟು ಹೊರಡುವ ಹೊತ್ತಿಗೆ ಆಗುತ್ತದೆ, ಆಗುತ್ತದೆ ಎಂದು ತಿರುಗಿಕೊಳ್ಳುತ್ತದೆ. ರಾಗ ಅದೇ, ಮಾತು ಮಾತ್ರ ಬೇರೆ. ಹಾಡು ಮುಗಿಯುವಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗಿ ಹೊರಟೇ ಬಿಟ್ಟಿರುತ್ತಾಳೆ. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಬಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತಿತ್ತು. ಇಲ್ಲಿ ಕಥೆ ಓಡುವುದೇ ಹಾಡಿನಲ್ಲಿ. ಈ ಚಿತ್ರದ ಯೋಜನೆ ಶುರುವಾದಾಗ ಸಿಂಡ್ರೆಲಾ ಆಗಬೇಕಿದ್ದವರು ವಿಟ್ನಿಯೇ. ಕೆಲಸ ಮುಂದಕ್ಕೆ ಹೋಗಿ ವರ್ಷಗಳಾದ ಮೇಲೆ ಅವರು ಕಿನ್ನರಿಯ ಪಾತ್ರಕ್ಕೆ ಸರಿದು, ನಾಯಕಿಯ ಪಾತ್ರ ಬ್ರ್ಯಾಂಡಿಗೆ ಸಿಗುವಂತೆ ಮಾಡಿದರು. ಇದು ತಿಳಿದು ನೋಡಿದರೆ ಆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ.

ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ವಿಟ್ನಿ ಪಕ್ಕದಲ್ಲಿ ಬ್ರ್ಯಾಂಡಿಯ ದನಿ ತೆಳು. ಕೊನೆಗೆ ಮದುವೆಯ ಹೊತ್ತಿಗೆ ಕಿನ್ನರಿ ಹಾಡುವ ಹಾಡು ತಂದು ಅಂಟಿಸಿದ ಹಾಗಿದೆ. ಪತ್ರ ಬರೆದವರು ಇಂಥ ತಪ್ಪು ಹುಡುಕಿದ್ದರೆ ನಾನೂ ಹೌದು ಅನ್ನುತ್ತಿದ್ದೆ.

ಇನ್ನು ಮೂಲ ಕಥೆಯ ಮಾತು. ಯಾವ ಮೂಲ ಸ್ವಾಮಿ? ಕುಂಬಳಕಾಯಿ, ಕಿನ್ನರಿ, ಗಾಜಿನ ಚಪ್ಪಲಿ ಇವೆಲ್ಲ ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿವೆ. ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ಕಿನ್ನರಿಯೇ ಇಲ್ಲ. ತಾಯಿಯ ಸಮಾಧಿಯ ಮೇಲಿನ ಮರ ಬಟ್ಟೆ ಕೊಡುತ್ತದೆ, ಅಕ್ಕಂದಿರು ಚಪ್ಪಲಿಗಾಗಿ ಕಾಲ್ಬೆರಳು, ಹಿಮ್ಮಡಿ ಕೊಯ್ದುಕೊಳ್ಳುತ್ತಾರೆ. ಇವರಿಗಿಂತ ಎಷ್ಟೋ ಮುಂಚೆ, 9ನೇ ಶತಮಾನದಲ್ಲೇ, ಚೀನಾದಲ್ಲಿ ಬರೆದಿಟ್ಟ ಕಥೆಯಲ್ಲಿ ಹುಡುಗಿಗೆ ನೆರವಾಗುವುದು ಮೀನಿನ ಮೂಳೆ. ನಮ್ಮಲ್ಲೂ ಇದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ 'ಹಂಚಿ' ಕಥೆಯ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಸಾವುಕಾರರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಚಿನ್ನದ ಕೂದಲು ಕಂಡು ಮನೆಯ ಮಗ ಅವಳನ್ನು ಮದುವೆಯಾಗುತ್ತಾನೆ. ಚಪ್ಪಲಿಯ ಸುದ್ದಿಯೇ ಇಲ್ಲ! ಜಾನಪದ ವಿದ್ವಾಂಸ ಅಲನ್ ಡಂಡೀಸ್ 1982ರಲ್ಲಿ ಸಿಂಡ್ರೆಲಾ ಬಗ್ಗೆ ತಂದ ಪುಸ್ತಕದಲ್ಲಿ ನಮ್ಮ ಹಂಚಿಗೂ ಜಾಗ ಕೊಟ್ಟಿದ್ದಾರೆ. ಇವರಲ್ಲಿ ಯಾರ ಮೈಬಣ್ಣವನ್ನು ಮೂಲ ಅನ್ನೋಣ?

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ಮುಂದೆ ಇಂಥ ಸಿನಿಮಾ ಬಂದಾಗ ವಿಮರ್ಶೆ ಬರೆಯುವವರಿಗೆ ಹಾಡುಗಳ ಬಗ್ಗೆಯೂ ನಾಲ್ಕು ಸಾಲು ಬರೆಯಲು ಹೇಳಿ. ಯಾರು ಹಾಡಿದರು, ಯಾವ ಹಾಡು ತೆಗೆದರು, ಯಾವುದು ಸೇರಿಸಿದರು, ಕನ್ನಡಕ್ಕೆ ಡಬ್ ಆಗಿದ್ದರೆ ಮಾತು ರಾಗಕ್ಕೆ ಕೂತಿದೆಯಾ ಇಲ್ಲವಾ, ಇಷ್ಟು ತಿಳಿಸಿದರೆ ಸಾಕು. ಮಕ್ಕಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂಬುದನ್ನು ನಾವೇ ನೋಡಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಓದುಗಳು, ಸಂಗೀತ ಶಿಕ್ಷಕಿ
ಮೈಸೂರು