ಆ ರಾತ್ರಿಗಳಲ್ಲಿ ಜೊತೆಗಿದ್ದವರಿಗೆ

ಮೊನ್ನೆ ಎಫ್‌ಎಂಜಿಇ ಫಲಿತಾಂಶ ಬಂತು. ಪಾಸಾಗಿದ್ದೇನೆ. ಹೊರದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆ ಅದು. ಫೋನ್ ಮಾಡಿದವರಿಗೆ, ಮನೆಗೆ ಬಂದು ಹಾರೈಸಿದವರಿಗೆ ತುಂಬಾ ಥ್ಯಾಂಕ್ಸ್. ಆದರೆ ಪುಸ್ತಕ ಹಿಡಿಯುವುದಕ್ಕಿಂತ ಮೊದಲು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದವರಿದ್ದಾರೆ. ಇದು ಅವರಿಗಾಗಿ.

2022ರ ಫೆಬ್ರವರಿ 24ರಂದು ಯುದ್ಧ ಶುರುವಾದಾಗ ನಾನು ಉಕ್ರೇನಿನ ಖಾರ್ಕಿವ್‌ನಲ್ಲಿದ್ದೆ. ಮೆಟ್ರೊ ನಿಲ್ದಾಣದ ನೆಲದ ಮೇಲೆ ರಾತ್ರಿಗಳು ಕಳೆದವು. ಮಾರ್ಚ್ 1ರಂದು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ನವೀನ್ ದಾಳಿಗೆ ಸಿಕ್ಕಿ ತೀರಿಕೊಂಡ. ತಿನ್ನುವ ಸಾಮಾನು ತರಲು ಹೋಗಿದ್ದ. ಮರುದಿನ ರಾಯಭಾರ ಕಚೇರಿ ಕೂಡಲೇ ಊರು ಬಿಡಿ ಎಂದಿತು. ಊರಾಚೆಯ ಪಿಸೊಚಿನ್‌ವರೆಗೆ ನಡೆದೆವು. ಕೊನೆಗೆ ನಮ್ಮವರನ್ನು ಕರೆತರಲು ಸರ್ಕಾರ ನಡೆಸಿದ ಆಪರೇಷನ್ ಗಂಗಾದ ವಿಮಾನ ಹತ್ತಿ ಬಂದು ಶಿರಸಿ ಮುಟ್ಟಿದೆ. ಜೀವ ಉಳಿಸಿಕೊಂಡು ಬಂದಳಲ್ಲ, ಅಷ್ಟು ಸಾಕು ಅಂದರು ಎಲ್ಲರೂ.

ಅದೇ ತಿಂಗಳು ಮಾರಿಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಚಿಕ್ಕಂದಿನಲ್ಲಿ ದಿನ ಎಣಿಸಿ ಕಾಯುತ್ತಿದ್ದೆ. ಆ ಸಲ ಎಲ್ಲೋ ಗರ್ನಾಲು ಸಿಡಿಯಿತು. ನೋಡಿದರೆ ನಾನು ಮಂಚದ ಕೆಳಗಿದ್ದೆ. ಅಮ್ಮಮ್ಮ ಬಂದು ಪಕ್ಕದಲ್ಲೇ ನೆಲಕ್ಕೆ ಕೂತರು. ಏಳು ಅನ್ನಲಿಲ್ಲ. ‘ತಂಗೀ, ಆನು ಇಲ್ಲೇ ಇದ್ದಿ’ (ನಾನು ಇಲ್ಲೇ ಇದ್ದೇನೆ) ಅಂದರು, ಅಷ್ಟೇ.

ದಿನ ಕಳೆದ ಹಾಗೆ ಹೆದರಿಕೆ ಕಡಿಮೆಯಾಯಿತು. ಆದರೆ ತಲೆ ಬಾಚುವುದೂ ಬೆಟ್ಟದಂಥ ಕೆಲಸ ಅನ್ನಿಸತೊಡಗಿತು. ಆಯಿ (ಅಮ್ಮ) ಮಾಡಿದ ತಂಬುಳಿಗೂ ನೀರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಮೊದಲು ತೋರಿಸಿದ ಡಾಕ್ಟರು ‘ಮದುವೆ ಮಾಡಿ, ಸರಿಹೋಗ್ತದೆ’ ಅಂದರು. ಆ ಮಾತಿನಿಂದ ಎಷ್ಟೋ ತಿಂಗಳು ಸುಮ್ನೆ ಹೋದವು. ಕೊನೆಗೆ 14416ಕ್ಕೆ ಫೋನ್ ಹಚ್ಚಿದ್ದು ಚಿಕ್ಕಮ್ಮ. ಆಗಷ್ಟೇ ಶುರುವಾಗಿದ್ದ ಟೆಲಿ ಮಾನಸ್ ಅದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು. ಅವರ ಮಾತಿನಂತೆ ಮನೋವೈದ್ಯರ ಹತ್ತಿರ ಹೋದೆವು. ಯುದ್ಧ ಕಂಡ ಜಾಗಗಳಲ್ಲಿ ಐದು ಜನರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ಕಾಯಿಲೆ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಎಂದು ಅವರು ಹೇಳಿದಾಗ ಅತ್ತುಬಿಟ್ಟೆ. ಅಲ್ಲಿಯವರೆಗೆ ಅದು ನನ್ನ ಸೋಮಾರಿತನ ಅಂದುಕೊಂಡಿದ್ದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬೇಡ ಅಂದರು. ಆಯಿ ಒಂದು ದಿನವೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು. ನಿದ್ದೆ ಬಾರದ ರಾತ್ರಿ ಹೊರಗೆ ಬಂದು ಸುಲಿಯುವ ಅಕ್ಕಂದಿರ ಜೊತೆ ಕೂತೆ. ಒಬ್ಬರು ಸರಿದು ಜಾಗ ಕೊಟ್ಟು, ಅಡಿಕೆ ಸುಲಿಯುವ ಮೆಟ್ಟುಗತ್ತಿ ನನ್ನ ಕಡೆ ತಳ್ಳಿದರು. ಯುದ್ಧದ ಬಗ್ಗೆ ಯಾರೂ ಕೇಳಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತರೆ ಬೇರೆ ಯೋಚನೆ ಸಾಧ್ಯವಿಲ್ಲ, ಗಮನ ತಪ್ಪಿದರೆ ಬೆರಳು ಹೋಗುತ್ತದೆ. ವಾರದಲ್ಲಿ ಅಡಿಕೆಯ ರಸದ ಚೊಗರಿಗೆ ಅಂಗೈ ಕಪ್ಪಾಯಿತು. ಸುಲಿದ ಅಡಿಕೆ ಒಂದು ಡಬ್ಬಿ ತುಂಬಿದ ರಾತ್ರಿ ಹಸಿವಾಗಿ ಗಂಜಿ ಕೇಳಿದೆ. ಆಯಿಯ ಮುಖ ಈಗಲೂ ಕಣ್ಣಮುಂದಿದೆ.

ಇನ್ನೊಬ್ಬನಿಗೆ ಥ್ಯಾಂಕ್ಸ್ ಹೇಳಬೇಕು. ಖಾರ್ಕಿವ್‌ನ ನನ್ನ ಗೆಳತಿಯ ತಮ್ಮ, ಆಗ 15 ವರ್ಷ. ಆ ಊರಿನ ಸಾಲ್ಟಿವ್ಕಾ ಬಡಾವಣೆಯ ಅವರ ಮನೆ ಶೆಲ್‌ಗೆ ಹಾಳಾಗಿ, ತಾಯಿ ಮಕ್ಕಳು ಪೋಲೆಂಡಿಗೆ ಹೋದರು. 18ರಿಂದ 60ರೊಳಗಿನ ಗಂಡಸರು ದೇಶ ಬಿಡುವಂತಿರಲಿಲ್ಲ, ಹಾಗಾಗಿ ಅಪ್ಪ ಅಲ್ಲೇ ಉಳಿದರು. ಹುಡುಗ ಹಾಸಿಗೆ ಹಿಡಿದಿದ್ದ. ಅಪ್ಪ ಅಲ್ಲಿರುವಾಗ ನಾನಿಲ್ಲಿ ಹೊಟ್ಟೆ ತುಂಬ ಉಣ್ಣುವುದು ತಪ್ಪು ಅನ್ನುತ್ತಿದ್ದ. ನನಗೆ ವಾಪಸ್ ಬರಲು ಮನೆಯಿತ್ತು. ಅವನಿಗೆ ಭಾಷೆ ಬಾರದ ಶಾಲೆ, ವರ್ಷ ವರ್ಷಕ್ಕೆ ಮುಂದೂಡುವ ತಾತ್ಕಾಲಿಕ ಪರವಾನಗಿ. ಬಾಂಬಿನ ಸದ್ದು ನಿಂತ ಮೇಲೂ ಇಂಥ ಮಕ್ಕಳನ್ನು ಈ ಕಾಯುವಿಕೆಯೇ ಜಾಸ್ತಿ ಹಿಂಡುತ್ತದೆ ಎಂದು ನನಗೆ ಗೊತ್ತಾದದ್ದು ಅವನಿಂದ.

ಒಂದು ರಾತ್ರಿ ಸುಲಿಯುತ್ತಲೇ ಗೆಳತಿಗೆ ವಿಡಿಯೊ ಕಾಲ್ ಮಾಡಿದ್ದೆ. ಅಲ್ಲಿ ಇನ್ನೂ ಸಂಜೆ, ಅವನು ಹೊದ್ದು ಮಲಗಿದ್ದ. ಇದೇನು ಸದ್ದು ಎಂದು ಕೇಳಿದ. ತೋರಿಸಿದೆ. ಫೋನ್ ಅಲ್ಲೇ ಇಡು ಅಂದ. ಆಮೇಲೆ ಸುಗ್ಗಿ ಮುಗಿಯುವವರೆಗೂ ದಿನಾ ಇಟ್ಟೆ. ಅಕ್ಕಂದಿರು ಅವನಿಗೆ ಕೈಬೀಸುತ್ತಿದ್ದರು. ಒಂದು ದಿನ ಅವನು ಎದ್ದು ಕೂತು, ಅವರಿಗೆ ವಾಪಸ್ ಕೈಬೀಸಿದ.

ಈಗ ಅವನೂ ಚಿಕಿತ್ಸೆಯಲ್ಲಿದ್ದಾನೆ, ಶಾಲೆಗೂ ಹೋಗುತ್ತಿದ್ದಾನೆ. ಫಲಿತಾಂಶದ ದಿನ ಮೆಸೇಜ್ ಮಾಡಿದ್ದ: ಅಭಿನಂದನೆ, ಈಗ ಅಡಿಕೆ ಸುಲಿಯುವ ಕಾಲ ಅಲ್ವಾ?

ಹೌದು. ಇವತ್ತು ರಾತ್ರಿ ಫೋನ್ ಅಲ್ಲೇ ಇಡ್ತೇನೆ.