ಎಂಟು ಕೊಳವೆಗಳ ಬುಡದಲ್ಲಿ

ಪ್ರೀತಿಯ ಕೂಸೇ,

ಆಶೀರ್ವಾದಗಳು. ಇಲ್ಲಿ ಎಷ್ಟೋ ದಿನಗಳಿಂದ ಮಳೆ ಹಿಡಿದದ್ದು ಬಿಟ್ಟಿಲ್ಲ. ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ಹೊಡೆದು ಮುಗಿಯಿತು, ಎರಡನೆಯ ಸುತ್ತಿಗೆ ಹೊಳವಾಗುವುದನ್ನೇ ಕಾಯುತ್ತಿದ್ದೇವೆ. ತೋಟಕ್ಕೆ ಇಳಿಯುವಂತಿಲ್ಲ, ಆಕಾಶ ನೋಡುವಂತಿಲ್ಲ. ಹಾಗಾಗಿ ಹಗಲೆಲ್ಲ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಕುಳಿತು ನಿನ್ನ ದೂರದರ್ಶಕದ ಕೆಲಸ ಮಾಡಿದೆ. ಅದು ಮುಗಿದಿದೆ. ಹೇಗೆ ಮುಗಿಯಿತು ಎಂಬುದನ್ನು ಫೋನಿನಲ್ಲಿ ಹೇಳಿದರೆ ಅರ್ಧವೂ ತಲುಪುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಏಪ್ರಿಲ್‌ನ ಆ ರಾತ್ರಿ ನಿನಗೆ ನೆನಪಿರಬೇಕು. ನಾಲ್ಕು ಅಡಿಯ ಹಳೆಯ ಕೊಳವೆಯನ್ನು ತೆಗೆದುಹಾಕಿ, ನೀನು ಪಿಯುಸಿಯಲ್ಲಿದ್ದಾಗ ನಾವಿಬ್ಬರೂ ಕಾರ್ಬೊರಂಡಮ್ ಪುಡಿ ಹಾಕಿ ಉಜ್ಜಿದ ಎಂಟು ಇಂಚಿನ ಕನ್ನಡಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಎಂಟು ಅಲ್ಯೂಮಿನಿಯಂ ಕೊಳವೆಗಳ ಮೇಲೆ, ಚಿಕ್ಕ ಓರೆ ಕನ್ನಡಿಯನ್ನು ಹೊತ್ತ ಮೇಲಿನ ಬಳೆಯನ್ನು ನಿಲ್ಲಿಸಿದ್ದೆವು. ನೆತ್ತಿಯ ಮೇಲಿನ ನಕ್ಷತ್ರಗಳು ಸೂಜಿಮೊನೆಯ ಹಾಗೆ ಕಂಡವು. ಒಮೇಗಾ ಸೆಂಟಾರಿ ನಕ್ಷತ್ರಗುಚ್ಛವನ್ನು ನೋಡೋಣವೆಂದು ದಕ್ಷಿಣಕ್ಕೆ ಇಳಿಸಿದೆವು. ನಮ್ಮ ಶಿರಸಿಯಿಂದ ಅದು ಹೆಚ್ಚೆಂದರೆ 28 ಡಿಗ್ರಿ ಎತ್ತರಕ್ಕೆ ಬರುತ್ತದೆ, ದೂರದರ್ಶಕ ಬಹುಪಾಲು ಮಲಗಲೇಬೇಕು. ಮಲಗಿಸಿದ ಕೂಡಲೇ ಪ್ರತಿ ಚುಕ್ಕಿಗೂ ಒಂದು ಬಾಲ ಬಂತು. ನೀನು ಕನ್ನಡಿಯನ್ನೇ ಅನುಮಾನಿಸಿದೆ. ನಾವು ಅಷ್ಟು ದಿನ ಉಜ್ಜಿದ್ದೆಲ್ಲ ಹಾಳಾಯಿತೇನೋ ಎಂದು ನಿನ್ನ ಮುಖ ಸಪ್ಪಗಾಗಿದ್ದು ನನ್ನ ಕಣ್ಣ ಮುಂದೆಯೇ ಇದೆ. ದೂರದರ್ಶಕ ಬಿಟ್ಟು ಬರಿಗೈಯಲ್ಲಿ ನೀನು ಧಾರವಾಡದ ಬಸ್ಸು ಹತ್ತಿದೆ.

ಕನ್ನಡಿಯಲ್ಲಿ ಏನೂ ದೋಷವಿಲ್ಲ, ಕೂಸೇ. ತಪ್ಪಿದ್ದದ್ದು ಕೊಳವೆಗಳ ಬುಡವನ್ನು ಬಿಗಿದು ಹಿಡಿಯುವ ಮರದ ಕ್ಲ್ಯಾಂಪುಗಳಲ್ಲಿ, ಅವುಗಳನ್ನು ಮಾಡಿದವನು ನಾನು.

ಎಂಟು ಕೊಳವೆಗಳ ಈ ಚೌಕಟ್ಟಿನ ಮೂಲ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿದೆ. ಅಲ್ಲಿನ 200 ಇಂಚಿನ ದೂರದರ್ಶಕಕ್ಕಾಗಿ ಮಾರ್ಕ್ ಸೆರುರಿಯೇ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಇದನ್ನು ರೂಪಿಸಿದ. ಉಕ್ಕನ್ನು ಎಷ್ಟೇ ದಪ್ಪ ಮಾಡಿದರೂ ಅದು ತುಸು ಬಾಗಿಯೇ ಬಾಗುತ್ತದೆ ಎಂದು ಒಪ್ಪಿಕೊಂಡು, ಎರಡೂ ತುದಿಗಳು ಸಮನಾಗಿ ಇಳಿಯಲಿ, ಆದರೆ ಒಂದಕ್ಕೊಂದು ಸಮಾನಾಂತರವಾಗಿಯೇ ಇರಲಿ ಎಂದು ತ್ರಿಕೋನಗಳಲ್ಲಿ ಕಟ್ಟಿದ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು, ಇದು ನಿನಗೆ ಎಂಟನೇ ತರಗತಿಯಿಂದಲೇ ಗೊತ್ತು. ಆದರೆ ಮೂಲೆ ಸಡಿಲವಿದ್ದರೆ ಅದು ತ್ರಿಕೋನವೇ ಅಲ್ಲ. ಲೆಕ್ಕ ಹಾಕಿ ನೋಡು: ಕ್ಲ್ಯಾಂಪಿನ ಹಿಡಿತ 60 ಮಿಲಿಮೀಟರ್ ಉದ್ದ, ಕೊಳವೆ 900 ಮಿಲಿಮೀಟರ್. ತೂತಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೆ ಒಂಟಿ ಕೊಳವೆಯ ಮೇಲಿನ ತುದಿ ಏಳೂವರೆ ಮಿಲಿಮೀಟರ್ ಅಲ್ಲಾಡುತ್ತದೆ. ಎಂಟೂ ಒಂದನ್ನೊಂದು ಹಿಡಿದುಕೊಂಡಾಗ ಅಷ್ಟು ಆಗುವುದಿಲ್ಲ ನಿಜ, ಆದರೆ ಕನ್ನಡಿಗಳ ಜೋಡಣೆ ಕೆಡಲು ಅಷ್ಟೇನೂ ಬೇಕಿಲ್ಲ.

ಏಪ್ರಿಲ್‌ನಲ್ಲಿ ನಾನು ಮಾಡಿದ್ದು ಒಂದೇ ತುಂಡಿನ ಕ್ಲ್ಯಾಂಪು. ಹಳೆಯ ಮನೆಯ ಹಲಸಿನ ದಾರಂದವನ್ನು ಕೊಯ್ದು, ನಡುವೆ ತೂತು ಕೊರೆದು, ಒಂದು ಪಕ್ಕದಿಂದ ತೂತಿನವರೆಗೆ ಗರಗಸದಿಂದ ಸೀಳಿ, ಆ ಸೀಳಿಗೆ ಅಡ್ಡವಾಗಿ ಬೋಲ್ಟು ಹಾಕಿದ್ದೆ. ಮರದ ಎಳೆಯನ್ನು ಕೊಳವೆಯ ಉದ್ದಕ್ಕೇ ಇಟ್ಟಿದ್ದೆ, ನೋಡಲು ಚಂದವೆಂದು. ಬೋಲ್ಟು ಬಿಗಿದಾಗ ಸೀಳಿನ ಎದುರಿನ ಬದಿ ಬಾಗಬೇಕು, ಅಲ್ಲಿ ಎಳೆ ಅಡ್ಡಕ್ಕೆ ಹರಿಯದಿದ್ದರೆ ಮರ ಬಾಗುವುದಿಲ್ಲ, ಸೌದೆಯಂತೆ ಸಿಗಿಯುತ್ತದೆ. ನೀನು ಹೋದ ಮೇಲೆ ಬಿಚ್ಚಿ ನೋಡಿದರೆ ಎಂಟರಲ್ಲಿ ಮೂರಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಉಳಿದವೂ ಕೊಳವೆಯನ್ನು ಎರಡು ಗೆರೆಗಳಲ್ಲಿ ಮಾತ್ರ ಕಚ್ಚಿದ್ದವು.

ದಾರಿ ಹೊಳೆದದ್ದು ಔಷಧಿ ಹೊಡೆಯುವ ದಿನ. ಅಲ್ಯೂಮಿನಿಯಂ ದೋಟಿಯ ಕೊಳವೆಯೊಳಗಿನ ಕೊಳವೆಯನ್ನು ಎಳೆದು ಉದ್ದ ಮಾಡಿ ಪಟ್ಟಿಯಿಂದ ಬಿಗಿಯುವುದನ್ನು ಎಷ್ಟು ವರ್ಷಗಳಿಂದ ನೋಡುತ್ತಿದ್ದೇನೆ! ಆ ಪಟ್ಟಿ ಕೊಳವೆಯನ್ನು ಒಂದೆಡೆ ಒತ್ತಿ ಹಿಡಿಯುವುದಿಲ್ಲ, ಸುತ್ತಲೂ ತಬ್ಬುತ್ತದೆ. ನಮ್ಮ ಕ್ಲ್ಯಾಂಪೂ ತಬ್ಬಬೇಕು.

ಈ ಸಲ ಪ್ರತಿ ಕ್ಲ್ಯಾಂಪಿಗೂ ಎರಡು ಅರೆಗಳು. ಹಲಸನ್ನೇ ಬಳಸಿದೆ, ಆದರೆ ಎಳೆ ಕೊಳವೆಗೆ ಅಡ್ಡವಾಗಿ ಬರುವಂತೆ ಕೊಯ್ದೆ. ಅರೆಗಳ ನಡುವೆ ಒಂದು ಮದುವೆಯ ಕರೆಯೋಲೆಯನ್ನು ಮಡಚಿ ಇಟ್ಟೆ, ಒಂದೂವರೆ ಮಿಲಿಮೀಟರ್ ದಪ್ಪ ಬರುವಷ್ಟು. ಮೂರನ್ನೂ ವೈಸಿನಲ್ಲಿ ಒತ್ತಿ ಬಿಗಿದು, ಕರೆಯೋಲೆಯ ಅಂಚಿನ ಗೆರೆಯ ಮೇಲೆಯೇ 25 ಮಿಲಿಮೀಟರ್ ಡ್ರಿಲ್ ಬಿಟ್ಟಿನ ಮೊನೆ ಇಟ್ಟು ಕೊರೆದೆ. ಹಲಸಿನ ಹಳದಿ ಹುಡಿಯ ಜೊತೆ ಕರೆಯೋಲೆಯ ಕೆಂಪು ಚೂರುಗಳೂ ಸುತ್ತಿ ಹೊರಬಂದವು. ಕಾಗದ ತೆಗೆದುಬಿಟ್ಟರೆ ಎರಡು ಅರೆಗಳ ಪಾಲಿಗೂ ಅರ್ಧವೃತ್ತಕ್ಕಿಂತ ತುಸು ಕಡಿಮೆ ಉಳಿಯುತ್ತದೆ. ಬಿಗಿದಾಗ ಅವು ಒಂದಕ್ಕೊಂದು ತಾಗುವ ಮೊದಲೇ ಕೊಳವೆಯನ್ನು ತಬ್ಬುತ್ತವೆ, ನಡುವೆ ಬೆಳಕು ಕಾಣುವಷ್ಟು ಸಂದು ಹಾಗೇ ಇರುತ್ತದೆ. ಆ ಸಂದು ಮುಚ್ಚಿಹೋದರೆ ಕ್ಲ್ಯಾಂಪು ಕೆಟ್ಟಿತೆಂದೇ ತಿಳಿ.

ಪರೀಕ್ಷೆಗೆ ಅಮ್ಮನ ರಂಗೋಲಿ ಡಬ್ಬಿಯಿಂದ ಸೀಮೆಸುಣ್ಣ ತಂದೆ. ತೂತಿನ ಒಳಮೈಗೆಲ್ಲ ಸವರಿ, ಕೊಳವೆ ಇಟ್ಟು, ಮೆಲ್ಲಗೆ ಬಿಗಿದು ಒಮ್ಮೆ ತಿರುಗಿಸಿ ತೆಗೆದೆ. ಕೊಳವೆಯ ಮೇಲೆ ಬಿಳಿ ಬಳೆ ಪೂರ್ತಿ ಮೂಡಿದರೆ ಸರಿ. ಬಿಟ್ಟುಬಿಟ್ಟು ಮೂಡಿದ ಕಡೆ ಉರುಟು ಅರದಿಂದ ಎರಡೆರಡು ಸಲ ತೀಡಿದೆ. ಒಂದು ಕ್ಲ್ಯಾಂಪಿಗೆ ಒಂದು ಮಧ್ಯಾಹ್ನ ಹಿಡಿಯಿತು. ಈ ತಾಳ್ಮೆ ನನಗೆ ಬಂದದ್ದು ನಿನ್ನಿಂದ, ಕನ್ನಡಿ ಉಜ್ಜುವಾಗ ಒಂದು ಗೀರಿಗಾಗಿ ನೀನು ಮತ್ತೆ ಹಿಂದಿನ ಪುಡಿಗೆ ಹೋಗೋಣ ಎಂದು ಹಟ ಹಿಡಿದಿದ್ದೆಯಲ್ಲ, ಆಗ.

ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ತೀರಾ ಅತ್ಯಲ್ಪ. ಹಾಗಾಗಿ ಬೇಸಿಗೆಯಲ್ಲಿ ಕೊರೆದ ದುಂಡು ತೂತು ಆಷಾಢದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದಕ್ಕಾಗಿ ತೂತಿನ ಒಳಮೈಗೂ ಬಿಡದೆ ಮೂರು ಸಲ ವಾರ್ನಿಶ್ ಬಳಿದಿದ್ದೇನೆ. ಧಾರವಾಡದ ಗಾಳಿ ನಮ್ಮಷ್ಟು ಒದ್ದೆಯಲ್ಲ, ಅಲ್ಲಿ ಮರ ತುಸು ಕುಗ್ಗೀತು. ಕುಗ್ಗಿದರೂ ಸಂದು ಇರುವುದರಿಂದ ಇನ್ನೊಂದು ಕಾಲು ಸುತ್ತು ಬಿಗಿದರೆ ಸಾಕು.

ಕೊಳವೆಗಳು ನೆಟ್ಟಗೆ ನಿಲ್ಲುವುದಿಲ್ಲ, ಸುಮಾರು 7 ಡಿಗ್ರಿ ವಾಲಿ ಮೇಲೆ ಜೋಡಿಯಾಗಿ ಸೇರುತ್ತವೆ. ಆ ಕೋನವನ್ನು ಅಳೆದು ಕೊಯ್ಯಲು ಹೋಗಲಿಲ್ಲ. ಒಂದೊಂದು ಕ್ಲ್ಯಾಂಪನ್ನೂ ಪೆಟ್ಟಿಗೆಗೆ ಒಂದೇ ಬೋಲ್ಟಿನಲ್ಲಿ ಸಡಿಲವಾಗಿ ತೂಗಿಹಾಕಿ, ಎಂಟೂ ಕೊಳವೆಗಳನ್ನು ಏರಿಸಿ, ಮೇಲಿನ ಬಳೆ ಸರಿಯಾಗಿ ಕುಳಿತ ಮೇಲೆ ಅವು ಎಲ್ಲಿ ನಿಂತವೋ ಅಲ್ಲಿಯೇ ಬಿಗಿದು ಅಂಟು ಹಾಕಿದೆ. ಪ್ರತಿ ಕ್ಲ್ಯಾಂಪಿನ ತಳಕ್ಕೊಂದು ಮರದ ಬಿಲ್ಲೆ ಇದೆ, ಕೊಳವೆ ಪ್ರತಿ ಸಲವೂ ಅಷ್ಟೇ ಆಳಕ್ಕೆ ಇಳಿಯಲೆಂದು. ಅರೆಗಳ ನಡುವೆ ಬಾಲ್‌ಪೆನ್ನಿನ ಸ್ಪ್ರಿಂಗ್ ಇಟ್ಟಿದ್ದೇನೆ, ಬೋಲ್ಟು ಸಡಿಲಿಸಿದ ಕೂಡಲೇ ಬಾಯಿ ತಾನೇ ತೆರೆಯುತ್ತದೆ. ನಟ್ಟುಗಳು ಕಳಚಿ ಬೀಳದಂತೆ ಬೋಲ್ಟಿನ ತುದಿಯನ್ನು ಬಡಿದು ಅಗಲ ಮಾಡಿದ್ದೇನೆ. ಕತ್ತಲೆಯಲ್ಲಿ ಹುಲ್ಲಿನ ಮೇಲೆ ನೀನು ನಟ್ಟು ಹುಡುಕುತ್ತ ಕೂರುವುದು ನನಗೆ ಬೇಡ.

ಜಾನ್ ಡಾಬ್ಸನ್ ಬಗ್ಗೆ ನಿನಗೆ ಹಿಂದೆ ಹೇಳಿದ್ದೆ. ರಾಮಕೃಷ್ಣ ಪರಂಪರೆಯ ಸ್ಯಾನ್ ಫ್ರಾನ್ಸಿಸ್ಕೊ ಆಶ್ರಮವನ್ನು 1944ರಲ್ಲಿ ಸೇರಿ, 1967ರಲ್ಲಿ ಅಲ್ಲಿಂದ ಹೊರಬಿದ್ದು, ಬೀದಿಬದಿಯಲ್ಲಿ ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸಿದವರು. ಹಲಗೆ, ರಟ್ಟು, ಬೇಡದ ಗಾಜು, ಅವರು ಬಳಸಿದ್ದು ಅಂಥವನ್ನೇ. ಹಲಸಿನ ಅರೆಗಳನ್ನು ತೀಡುತ್ತ ಕುಳಿತಾಗ ಅವರ ನೆನಪು ಮತ್ತೆ ಮತ್ತೆ ಬಂತು.

ನಿನ್ನೆ ಜಗಲಿಯಲ್ಲಿ ಐದು ಸಲ ಪೂರ್ತಿ ಬಿಚ್ಚಿ, ಐದು ಸಲ ಕಟ್ಟಿದೆ. ಕನ್ನಡಿಗಳ ಜೋಡಣೆ ನೋಡಲು ಮೇಲಿನಿಂದ ಬಿಟ್ಟ ಲೇಸರಿನ ಕೆಂಪು ಚುಕ್ಕಿ ಐದು ಸಲವೂ ಕನ್ನಡಿಯ ನಡುವಿನ ಕಾಗದದ ಉಂಗುರದೊಳಗೇ ಬಿತ್ತು. ಒಮೇಗಾ ಸೆಂಟಾರಿಯ ಎತ್ತರಕ್ಕೆ ಇಳಿಸಿದಾಗಲೂ ಉಂಗುರ ದಾಟಲಿಲ್ಲ. ಅಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದು ತೋರಿಸಿದೆ.

ದಸರೆಗೆ ಬಂದಾಗ ಒಯ್ಯುವೆಯಂತೆ. ಕೊಳವೆಗಳು ಎಂಟೂ ಸೇರಿ ಎರಡು ಕಿಲೋ ಚಿಲ್ಲರೆ, ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿದರೆ ಬಸ್ಸಿನ ಸೀಟಿನ ಪಕ್ಕ ನಿಲ್ಲುತ್ತದೆ. ಕೊಳವೆಗೂ ಕ್ಲ್ಯಾಂಪಿಗೂ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದೇನೆ, ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡ. ಕನ್ನಡಿಯ ಪೆಟ್ಟಿಗೆಯನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಕೊಡುತ್ತಾಳೆ, ಅದನ್ನು ಬೇರೆ ಚೀಲದಲ್ಲಿ ಹಾಕು. ಉಪ್ಪು, ಹುಳಿ ಎರಡೂ ಕನ್ನಡಿಯ ಅಲ್ಯೂಮಿನಿಯಂ ಲೇಪಕ್ಕೆ ಆಗುವುದಿಲ್ಲ.

ನಿನ್ನ
ಅಪ್ಪ