ಆ ಕುದುರೆ ಓಟ ನಡೆದೇ ಇಲ್ಲ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ರಜೆಗೆ ಮಕ್ಕಳ ಜೊತೆ ಕೂತು ನೋಡಬಹುದಾದ ಸಿನಿಮಾಗಳ ಪಟ್ಟಿ ಹಾಕಿದ್ದಿರಿ. ಅದರಲ್ಲಿ ‘ಹಿಡಾಲ್ಗೋ’ ಅನ್ನೋ 2004ರ ಹಾಲಿವುಡ್ ಚಿತ್ರದ ಮುಂದೆ ‘ನಿಜವಾಗಿ ನಡೆದ ಕಥೆ’ ಅಂತ ಬರೆದಿದೆ. ಜಗಳಕ್ಕೆ ಬರೆಯುತ್ತಿಲ್ಲ. ಆ ಮೂರು ಪದದಿಂದ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ವಾದ ನಡೆಯಿತು, ಅದಕ್ಕೇ ಈ ಕಾಗದ.

ಸಿನಿಮಾ ನನಗೂ ಇಷ್ಟ ಆಯಿತು, ಸುಳ್ಳು ಯಾಕೆ ಹೇಳಲಿ. ಫ್ರಾಂಕ್ ಹಾಪ್ಕಿನ್ಸ್ ಅನ್ನೋ ಅಮೆರಿಕದ ಸವಾರ ತನ್ನ ಮಚ್ಚೆ ಮಚ್ಚೆ ಮಸ್ಟಾಂಗ್ ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಅರೇಬಿಯಾಕ್ಕೆ ಹೋಗಿ, ಅಲ್ಲಿನ ಜಾತಿ ಕುದುರೆಗಳ ಜೊತೆ 3,000 ಮೈಲಿ ಮರಳುಗಾಡಿನಲ್ಲಿ ಓಡಿ ಗೆಲ್ಲುತ್ತಾನೆ. ಮರಳಿನ ಬಿರುಗಾಳಿ, ಮಿಡತೆ ಹಿಂಡು, ಎಲ್ಲ ಇದೆ. ಶೇಖ್ ಪಾತ್ರದಲ್ಲಿ ಒಮರ್ ಷರೀಫ್, ಆ ವಯಸ್ಸಲ್ಲೂ ಏನು ಗತ್ತು! ಸವಾರನ ಪಾತ್ರ ಮಾಡಿದ ವಿಗ್ಗೋ ಮಾರ್ಟೆನ್‌ಸನ್ ಶೂಟಿಂಗ್ ಮುಗಿದ ಮೇಲೆ ಆ ಕುದುರೆಯನ್ನೇ ಕೊಂಡುಕೊಂಡ. ಅದೊಂದಕ್ಕೆ ಅವನ ಮೇಲೆ ನನಗೆ ಪ್ರೀತಿ.

ಆದ್ರೆ 3,000 ಮೈಲಿ ಅಂದ್ರೆ ಎಷ್ಟು? 4,800 ಕಿಲೋಮೀಟರ್ ಮೇಲೆ. ದಾವಣಗೆರೆಯಿಂದ ದುರ್ಗಕ್ಕೆ 60 ಕಿ.ಮೀ. ಅಂತ ಹಿಡಿದರೆ 40 ಸಲ ಹೋಗಿ ಬಂದಷ್ಟು. ಅದೂ ಹೈವೇನಲ್ಲಿ ಅಲ್ಲ, ಮರಳಲ್ಲಿ. ಒಂದು ಕುದುರೆಗೆ ಸುಮ್ನೆ ನಿಂತಿದ್ದರೂ ದಿನಕ್ಕೆ 25-30 ಲೀಟರ್ ನೀರು ಬೇಕು, ಬಿಸಿಲಲ್ಲಿ ದುಡಿದರೆ ಅದರ ಎರಡರಷ್ಟು. ಅಷ್ಟು ನೀರು ಅಲ್ಲಿ ಎಲ್ಲಿಂದ ಬಂತು?

ಹಾಪ್ಕಿನ್ಸ್ ಅನ್ನೋ ಮನುಷ್ಯ ಇದ್ದದ್ದು ನಿಜ, ತೀರಿಕೊಂಡದ್ದು 1951ರಲ್ಲಿ. ಓಟದ ಕಥೆ ಅವನೇ ಹೇಳಿಕೊಂಡದ್ದು. ಅಮೆರಿಕದ ಬಫಲೋ ಬಿಲ್‌ನ ಹೆಸರುವಾಸಿ ಕೌಬಾಯ್ ಪ್ರದರ್ಶನದಲ್ಲಿ ತಾನು ದೊಡ್ಡ ಸವಾರ ಅಂತಲೂ ಹೇಳಿಕೊಂಡಿದ್ದ, ಅಲ್ಲಿನ ಕಡತದಲ್ಲಿ ಅವನ ಹೆಸರೇ ಸಿಗಲಿಲ್ಲ. ಕುದುರೆ ಮೇಲೆ ದೂರ ದೂರ ಪ್ರಯಾಣ ಮಾಡಿದವರದ್ದೇ ಒಂದು ಸಂಘ ಇದೆ, ಲಾಂಗ್ ರೈಡರ್ಸ್ ಗಿಲ್ಡ್ ಅಂತ. ಸಿನಿಮಾ ಬರುವ ಹೊತ್ತಿಗೆ ಅವರು ಕೆದಕಿ ನೋಡಿದರು, ಅಂಥ ಓಟದ ಗುರುತೇ ಇಲ್ಲ. ಓಟ ಹೊರಟದ್ದು ಅರೇಬಿಯಾದ ಏಡನ್ ಬಂದರಿನಿಂದ ಅಂತ ಹಾಪ್ಕಿನ್ಸ್ ಹೇಳುತ್ತಿದ್ದ. ಏಡನ್ ಆಗ ಬ್ರಿಟಿಷರ ಕೈಲಿತ್ತು, ಆಡಳಿತ ನಡೆಯುತ್ತಿದ್ದದ್ದು ಬಾಂಬೆಯಿಂದ. ಕತ್ತೆ ಕಳೆದುಹೋದರೂ ಮೂರು ಪ್ರತಿ ಬರೆದಿಡುವ ಆ ಜನ, ನೂರಾರು ವರ್ಷದಿಂದ ನಡೆಯುತ್ತಿದ್ದ ಇಂಥ ಓಟವನ್ನು ನೋಡಿಯೂ ಸುಮ್ಮನಿದ್ದರು ಅಂದ್ರೆ ನಂಬೋದಾ?

ನನಗೆ ಯಾಕೆ ಇಷ್ಟು ಸಂಕಟ ಅಂದ್ರೆ, ನಮ್ಮಪ್ಪ ದಾವಣಗೆರೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು. ಊರಲ್ಲಿ ಹತ್ತಿ ಮಿಲ್ಲುಗಳ ಸೈರನ್ ಕೂಗುತ್ತಿದ್ದ ಕಾಲ ಅದು. ಕುದುರೆ ಹೆಸರು ಮೋತಿ. ನಮಗೆ ಊಟ ತಡ ಆದರೂ ಅದಕ್ಕೆ ಬೇಯಿಸಿದ ಹುರುಳಿ ತಪ್ಪುತ್ತಿರಲಿಲ್ಲ, ಲಾಳ ಸಡಿಲ ಆದ ದಿನ ಗಾಡಿ ಕಟ್ಟುತ್ತಿರಲಿಲ್ಲ. ಒಂದು ಸಲ ಏಪ್ರಿಲ್ ಬಿಸಿಲಲ್ಲಿ ಮೂವರು ದಪ್ಪ ವ್ಯಾಪಾರಿಗಳನ್ನು ಬಟ್ಟೆ ಗಂಟಿನ ಸಮೇತ ಹರಿಹರಕ್ಕೆ ಬಿಟ್ಟು ಬಂದರು, ಹೋಗಿಬರೋದು ಸೇರಿ 30 ಕಿ.ಮೀ. ಕೂಡ ಇಲ್ಲ, ಮೋತಿ ಮನೆ ಮುಂದೆ ಬಂದು ಕುಸಿದು ಕೂತಿತು. ಅಪ್ಪ ಒದ್ದೆ ಗೋಣಿಚೀಲ ಹೊದಿಸಿ ರಾತ್ರಿ ಇಡೀ ಪಕ್ಕದಲ್ಲೇ ಕೂತಿದ್ದರು. ಬೆವರಿದ ಕುದುರೆಗೆ ತಕ್ಷಣ ನೀರು ಕುಡಿಸಬಾರದು ಅಂತ ಜಟಕಾದವರೆಲ್ಲ ನಂಬಿದ್ದರು, ಅಪ್ಪನೂ ಕುಡಿಸಲಿಲ್ಲ. ಈಗಿನ ಪಶುವೈದ್ಯರು ಕುಡಿಯೋಕೆ ಬಿಡಿ, ಮೈಮೇಲೂ ತಣ್ಣೀರು ಹುಯ್ಯಿರಿ ಅಂತಾರೆ. ಪಾಪ, ಅಪ್ಪನಿಗೆ ಯಾರು ಹೇಳಬೇಕಿತ್ತು. ಹತ್ತು ದಿನ ಗಾಡಿ ಕಟ್ಟಲಿಲ್ಲ, ಮನೆಯಲ್ಲಿ ಹತ್ತು ದಿನ ದುಡ್ಡೂ ಇರಲಿಲ್ಲ.

ಸಿನಿಮಾದಲ್ಲಿ ಏನಾಗುತ್ತೆ? ಕುದುರೆ ಮರಳಲ್ಲಿ ಬಿದ್ದುಬಿಡುತ್ತೆ. ಸವಾರ ಅದರ ನರಳಾಟ ನೋಡಲಾರದೆ ಪಿಸ್ತೂಲು ತೆಗೆಯುತ್ತಾನೆ. ಅಷ್ಟರಲ್ಲಿ ಪೂರ್ವಿಕರ ದರ್ಶನ ಆಗುತ್ತೆ, ಕುದುರೆ ಎದ್ದು ನಿಲ್ಲುತ್ತೆ, ಇವನು ಜೀನು ಬಿಸಾಕಿ ಬರೀ ಬೆನ್ನ ಮೇಲೆ ಕೂತು ಓಡಿಸಿ ಗೆಲ್ಲುತ್ತಾನೆ. ಮೊಮ್ಮಗ ಸೋಫಾ ಮೇಲೆ ಹಾರಿ ಕುಣಿದ. ನಾನು ‘ಇದೆಲ್ಲ ಸುಳ್ಳು ಕಣೋ’ ಅಂದೆ. ಅವನು ನಿಮ್ಮ ಪತ್ರಿಕೆ ತಂದು ಮುಖಕ್ಕೆ ಹಿಡಿದ. ‘ನೋಡಜ್ಜಾ, ಪೇಪರ್‌ನಲ್ಲೇ ಹಾಕಿದ್ದಾರೆ, ನಿಜ ಅಂತ!’ ಏನು ಹೇಳಲಿ ಹೇಳಿ.

ನಿಜವಾದ ದೂರದ ಓಟಗಳು ಇವೆ, ಕಥೆಗಿಂತ ಅವೇ ನನಗೆ ರುಚಿ. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಒಂದು ದಿನಕ್ಕೆ 160 ಕಿ.ಮೀ. ನಡುನಡುವೆ ನಿಲ್ಲಿಸಿ ಪಶುವೈದ್ಯರು ನಾಡಿ ನೋಡುತ್ತಾರೆ. ಕೊಟ್ಟ ಸಮಯದೊಳಗೆ ಅದು ನಿಮಿಷಕ್ಕೆ 64ಕ್ಕೆ ಇಳಿಯಬೇಕು, ಕುಂಟಬಾರದು. ಇಲ್ಲ ಅಂದ್ರೆ ಸವಾರ ಎಂಥ ಶೂರ ಆದರೂ ಮನೆಗೆ. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಟೆವಿಸ್ ಕಪ್ ಅಂತ 100 ಮೈಲಿ ಓಟ ನಡೆಯುತ್ತೆ. ಅಲ್ಲಿ ಮೊದಲು ಬಂದವನಿಗೆ ಒಂದು ಕಪ್ಪು, ಮೊದಲ ಹತ್ತರಲ್ಲಿ ಬಂದ ಕುದುರೆಗಳಲ್ಲಿ ಯಾವುದು ಇನ್ನೂ ಗಟ್ಟಿಯಾಗಿ ನಿಂತಿದೆಯೋ ಅದಕ್ಕೆ ಬೇರೆ ಕಪ್ಪು. ಇದನ್ನು ಹೇಳಿದಾಗ ಮೊಮ್ಮಗ ಮೊದಲ ಸಲ ಮೊಬೈಲ್ ಕೆಳಗಿಟ್ಟ.

ನಮ್ಮ ಕಡೆಯದ್ದೂ ಒಂದು ಇದೆ, ಕುದುರೆ ಅಲ್ಲ, ಎತ್ತು. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಮೇಯುತ್ತಿದ್ದ ಅಮೃತಮಹಲ್ ತಳಿ. ಅರಸರ ಕಾಲದಲ್ಲಿ ಅದರ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು, ಬೆಣ್ಣೆ ಅಂದ್ರೆ ದೋಸೆ ಅಷ್ಟೇ ಗೊತ್ತಿರುವ ನಮ್ಮೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರ ಮುಟ್ಟಿದ್ದು ಈ ಎತ್ತುಗಳ ದೆಸೆಯಿಂದ ಅಂತ ಹಳೆಯ ಮೈಸೂರು ಗೆಜೆಟಿಯರಿನಲ್ಲಿದೆ. 3,000 ಅಲ್ಲ, 100. ಅಷ್ಟಕ್ಕೇ ಬರೆದಿಟ್ಟರು.

ಚಿತ್ರ ಬಂದಾಗಲೂ ನಿಜ ಕಥೆ ಅಂತಲೇ ಪ್ರಚಾರ ಆಗಿತ್ತು, ನಿಮ್ಮವರು ಅದನ್ನೇ ಎತ್ತಿ ಹಾಕಿರಬೇಕು. ಮಕ್ಕಳು ಸಿನಿಮಾ ನೋಡಲಿ, ಬೇಡ ಅನ್ನಲ್ಲ. ಬರೋ ಭಾನುವಾರ ಒಂದು ತಿದ್ದುಪಡಿ ಹಾಕಿ ಸಾಕು. ಹುಡುಗ ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿದ್ದಾನೆ, ತಿದ್ದುಪಡಿ ಬಂದರೆ ಅದನ್ನೂ ಪಕ್ಕಕ್ಕೇ ಅಂಟಿಸುತ್ತೇನೆ ಅಂದಿದ್ದಾನೆ. ದಯವಿಟ್ಟು ಒಳಪುಟದ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಹಾಕಬೇಡಿ, ಗೋಡೆ ಮೇಲೆ ಕಾಣಲ್ಲ.

ಇತಿ,
ಜಟಕಾದವರ ಮಗ, ದಾವಣಗೆರೆ